ಶೋಭಾರಾಣಿಯ ಮುಯ್ಯಿ

ಶೋಭಾರಾಣಿ ಫೋನು ಮಾಡಿದಾಗ ನಾನು ಕಚೇರಿಯಲ್ಲಿ ಊಟದ ಡಬ್ಬಿ ತೆರೆದು ಕೂತಿದ್ದೆ. ಬೇಗ ಬೇಗ ಹೇಳಿದಳು, ಮೊದಲೇ ಮನಸ್ಸಿನಲ್ಲಿ ಹೇಳಿಕೊಂಡು ಬಂದವಳ ಹಾಗೆ.

"ಅಕ್ಕಾ, ಕರೆಂಟಿಗೆ ಎರಡು ದಿನ ಹೋಗಲ್ಲ. ಬೈಬೇಡಿ. ಗುರುವಾರ, ಶುಕ್ರವಾರ. ಎರಡೇ ದಿನ."

ಎದೆಯ ಕ್ಯಾನ್ಸರಿನ ಆಪರೇಷನ್ ಆದ ಮೇಲೆ ಕೊಡುವ ವಿಕಿರಣ ಚಿಕಿತ್ಸೆಗೆ ನಮ್ಮಲ್ಲಿ ಎಲ್ಲರೂ ಕರೆಂಟು ಅನ್ನುತ್ತಾರೆ. ಅವಳು ಅದಕ್ಕಾಗಿ ಮೇಲೂರಿನಿಂದ ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅದು ಕೊನೆಯ ವಾರ.

"ಯಾಕೆ, ಸುಸ್ತಾ?"

"ಸುಸ್ತು ಯಾವಾಗ್ಲೂ ಇರತ್ತೆ. ಹುಳ ಹಣ್ಣಾಗ್ತಾ ಇದೆ ಅಕ್ಕಾ. ಹುಳ ಕಾಯಲ್ಲ."

ನಾನು ಡಬ್ಬಿ ಮುಚ್ಚಿದೆ. ನನಗೆ ಹೆದರಿಕೆ ಆದದ್ದು ಎರಡು ದಿನದ್ದಲ್ಲ. ಆಸ್ಪತ್ರೆಯಲ್ಲಿ ನಮ್ಮ ಜೊತೆ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹೆಂಗಸು ತಂಗಿಯ ಮದುವೆಗೆಂದು ಹೀಗೇ ಎರಡು ದಿನ ಬಿಟ್ಟಿದ್ದಳು. ಬಿಟ್ಟಾಗ ಮೈ ಹಗುರಾಯಿತು, ಉರಿ ಕಡಿಮೆಯಾಯಿತು, ಆಮೇಲೆ ಹೋಗಲೇ ಇಲ್ಲ. ವರ್ಷದ ಮೇಲೆ ನಾವು ಅವಳನ್ನು ನೋಡಲು ಹೋದಾಗ ರೋಗ ಮಿದುಳಿಗೆ ಏರಿ ಅವಳಿಗೆ ನಮ್ಮ ಗುರುತು ಸಿಗಲಿಲ್ಲ. ಇದನ್ನು ಶೋಭಾರಾಣಿಗೆ ಹೇಳದೆ ಬೇರೆ ದಾರಿ ಹುಡುಕಿದೆ.

"ಬೀದಿಯವರನ್ನ ಕರೆಯಮ್ಮಾ. ನಿಮ್ಮಲ್ಲಿ ಮುಯ್ಯಿ ಇದೆಯಲ್ಲ?"

"ಯಾವ ಮುಖ ಇಟ್ಕೊಂಡು ಕರೀಲಿ? ಈ ವರ್ಷ ನಾನು ಒಬ್ಬರ ಮನೆಗೂ ಹೋಗಿಲ್ಲ."

ಮೇಲೂರಿನ ಕಡೆ ಒಂದು ಮನೆಯ ರೇಷ್ಮೆ ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದರೆ ಅಕ್ಕಪಕ್ಕದ ಹೆಂಗಸರು ಬಂದು ಆಯ್ದುಕೊಡುತ್ತಾರೆ. ಕೂಲಿಯಿಲ್ಲ. ಅವರ ಮನೆಯಲ್ಲಿ ಹಣ್ಣಾದಾಗ ಇವರು ಹೋಗಬೇಕು, ಅದೇ ಮುಯ್ಯಿ. ತೀರಿಸಲಾರದವರು ಕರೆಯುವುದಿಲ್ಲ. ಕರೆಯದ ಮನೆಗೆ ಯಾರೂ ಹೋಗುವಂತೆಯೂ ಇಲ್ಲ. ಒಂದು ಮನೆಯ ರೋಗ ಇನ್ನೊಂದು ಮನೆಯ ಹುಳುವಿಗೆ ತಗಲಿತು ಎಂಬ ಮಾತು ಬಂದರೆ ಜಗಳ ತಲೆಮಾರು ಉಳಿಯುತ್ತದೆ.

"ನಾವು ಬರ್ತೀವಿ. ನಾನು, ಆಂಜಿನಮ್ಮ. ಸಾವಿತ್ರಮ್ಮನವರು ನಿನ್ನ ಜೊತೆ ಬೆಂಗಳೂರಿಗೆ ಬರ್ತಾರೆ. ನೀನು ಹೋಗು" ಅಂದುಬಿಟ್ಟೆ.

ಫೋನು ಇಟ್ಟು ರಜಾ ಚೀಟಿ ಬರೆದೆ. ಸಂಜೆ ಕಾಲೇಜಿನಲ್ಲಿ ಓದಿ ಗುಮಾಸ್ತೆಯಾದವಳು ನಾನು, ಚಿಕ್ಕಬಳ್ಳಾಪುರದಲ್ಲೇ ಹುಟ್ಟಿ ಬೆಳೆದವಳು. ಹುಳುವನ್ನು ಕೈಯಲ್ಲಿ ಹಿಡಿದದ್ದಿಲ್ಲ. ಆಂಜಿನಮ್ಮನಿಗೆ ಚಿಂತಾಮಣಿಯಲ್ಲಿ ಇಡ್ಲಿ ಅಂಗಡಿ. ಇಬ್ಬರಿಗೂ ಅದೇ ಆಪರೇಷನ್; ಅದಾದ ಮೇಲೆ ನನಗೆ ಎಡಗೈ ಊದುತ್ತದೆ, ಅವಳಿಗೆ ಬಲಗೈ. ಇಬ್ಬರನ್ನು ಸೇರಿಸಿದರೆ ಒಂದು ಆಳು ಆಗುತ್ತದೋ ಇಲ್ಲವೋ.

ಗುರುವಾರ ಬೆಳಿಗ್ಗೆ ಗೌರಿಬಿದನೂರಿನ ಸಾವಿತ್ರಮ್ಮನವರಿಗೆ ಜ್ವರ. ನಮ್ಮೆಲ್ಲರಿಗಿಂತ ಹಿರಿಯರು, ಆಪರೇಷನ್ ಆಗಿ ಹೆಚ್ಚು ವರ್ಷ ಆದವರು ಅವರೇ. ನಮ್ಮನ್ನು ಆಸ್ಪತ್ರೆಯ ಬೆಂಚಿನಿಂದ ಎಬ್ಬಿಸಿ ಒಂದು ಗುಂಪು ಅಂತ ಮಾಡಿದವರು. "ಶ್ರೀವಲ್ಲಿ, ಎದ್ದು ನಿಲ್ಲೋಕೆ ಆಗ್ತಿಲ್ಲ ಕಣೇ. ಅವಳು ಒಬ್ಬಳೇ ಆದ್ರೂ ಹೋಗೋ ಹಾಗೆ ನೋಡಮ್ಮ" ಎಂದು ಫೋನು ಮಾಡಿದರು. ನಾನು ಮೇಲೂರು ತಲಪುವ ಹೊತ್ತಿಗೆ ಶೋಭಾರಾಣಿ ಒಬ್ಬಳೇ ಬಸ್ಸು ಹತ್ತಿ ಹೋಗಿ ಆಗಿತ್ತು.

ಹುಳದ ಮನೆಯ ಬಾಗಿಲಲ್ಲಿ ಅವಳ ಅತ್ತೆ ಅಕ್ಕಯಮ್ಮ ಬ್ಲೀಚಿಂಗ್ ಪುಡಿ ಕದಡಿದ ನೀರಿನ ಬೋಗುಣಿ ಇಟ್ಟುಕೊಂಡು ಕೂತಿದ್ದರು. ಕಾಲು ಅದ್ದಬೇಕು, ಕೈ ತೊಳೆಯಬೇಕು. ಆಂಜಿನಮ್ಮ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಅವಳು ಹೊಸ್ತಿಲಿಗೆ ಬರುತ್ತಲೇ ಅಕ್ಕಯಮ್ಮ ಮೂಗು ಏರಿಸಿದರು.

"ಏನದು ವಾಸನೆ?"

"ಕೈನೋವಿಗೆ ಬಾಮು ಹಚ್ಕೊಂಡೆ ಅಮ್ಮಾ. ಬಸ್ಸಲ್ಲಿ ನಿಂತೇ ಬಂದೆ."

"ಬಾಮಾ! ನನ್ನ ಹುಳ ಸಾಯ್ಸೋಕೆ ಬಂದಿದೀಯಾ? ನಡಿ ಆಚೆ. ಸೀಗೆಪುಡಿ ಕೊಡ್ತೀನಿ, ತಿಕ್ಕಿ ತೊಳ್ಕೊಂಡು ಬಾ."

"ಅಯ್ಯೋ ದೇವುಡಾ, ಸೊಸೆಗಿಂತ ಹುಳಾನೇ ನಾಜೂಕು ಈ ಮನೇಲಿ" ಎಂದು ಗೊಣಗುತ್ತ ಅವಳು ತೊಟ್ಟಿಯ ಹತ್ತಿರ ಹೋದಳು. ತೊಳೆದು ಬಂದಾಗ ರವಿಕೆ ಒದ್ದೆಯಾಗಿ ಮೈಗೆ ಅಂಟಿತ್ತು. ಅಕ್ಕಯಮ್ಮನ ಕಣ್ಣು ಅವಳ ಎದೆಯ ಮೇಲೆ ನಿಂತು ಬೇರೆ ಕಡೆ ಸರಿಯಿತು. ತೆಗೆದ ಎದೆಯ ಜಾಗಕ್ಕೆ ಆಂಜಿನಮ್ಮ ಎಂದೂ ಏನೂ ತುಂಬಿಕೊಂಡವಳಲ್ಲ.

"ನೋಡಮ್ಮಾ, ನೋಡಿದ್ರೆ ಸವೆಯಲ್ಲ. ಒಂದು ಕಡೆ ನಂದಿ ಬೆಟ್ಟ, ಒಂದು ಕಡೆ ಏರ್‌ಪೋರ್ಟು."

ಅಕ್ಕಯಮ್ಮ ನಗಲಿಲ್ಲ. ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡರು.

ಒಳಗೆ ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಅಕ್ಕಯಮ್ಮ ಒಂದು ಹುಳು ಎತ್ತಿ ಬೆಳಕಿಗೆ ಹಿಡಿದು ತೋರಿಸಿದರು. ಮೈ ಬಿಳುಪು ಹೋಗಿ ಹಳದಿಯಾಗಿರಬೇಕು, ಒಳಗಿನ ಬೆಳಕು ಕಾಣಬೇಕು, ತಿನ್ನುವುದು ಬಿಟ್ಟು ತಲೆ ಎತ್ತಿ ಆಡಿಸುತ್ತಿರಬೇಕು. ಅದು ಹಣ್ಣು. ಅದನ್ನಷ್ಟೇ ಆಯ್ದು ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ಹೆಣೆದ ದೊಡ್ಡ ತಟ್ಟಿಗೆ ಬಿಡಬೇಕು. ಕಾಯಿ ಹುಳು ಬಿಟ್ಟರೆ ಅದು ಗೂಡು ಕಟ್ಟದೆ ಹಸಿದು ಅಲೆದು, ಕಟ್ಟುತ್ತಿರುವ ಬೇರೆಯವನ್ನೂ ಕೆಡಿಸುತ್ತದೆ. ಹಣ್ಣನ್ನು ಆಯದೆ ಬಿಟ್ಟರೆ ಅದು ಸೊಪ್ಪಿನ ಕಸದಲ್ಲೇ ನೂಲು ಸುತ್ತಿ ಹಾಳಾಗುತ್ತದೆ.

ನನಗೆ ಪ್ರತಿಯೊಂದು ಹುಳುವೂ ಹಣ್ಣಾಗಿಯೂ ಕಂಡಿತು, ಕಾಯಾಗಿಯೂ ಕಂಡಿತು. ಎತ್ತುವುದು, ಕಿಟಕಿಗೆ ಹಿಡಿಯುವುದು, ಮತ್ತೆ ಇಡುವುದು. ಒಂದನ್ನು ಎರಡು ಸಲ ಎತ್ತಿದೆನೇನೋ. ತಂಪಾಗಿ, ಮೆತ್ತಗೆ, ಮಗುವಿನ ಕಿವಿಯ ತುದಿಯ ಹಾಗಿದ್ದವು.

"ಏನಮ್ಮಾ, ಹೆಣ್ಣು ನೋಡೋಕೆ ಬಂದಿದೀಯಾ?" ಎಂದಳು ಆಂಜಿನಮ್ಮ. "ಸಂಜೆ ಕಾಲೇಜಲ್ಲಿ ಓದಿದೋಳು ಹುಳಾನೂ ಸಂಜೆವರ್ಗೂ ನೋಡ್ತಾಳೆ." ಅವಳು ಎಡಗೈಯಲ್ಲಿ ಬಾಚಿ ಬಾಚಿ ತೆಗೆಯುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಕ್ಕಯಮ್ಮ ಅವಳ ತಟ್ಟೆ ನೋಡಿ ಹಣೆ ಚಚ್ಚಿಕೊಂಡರು. ಅರ್ಧಕ್ಕರ್ಧ ಕಾಯಿ. ಅದನ್ನೆಲ್ಲ ಮತ್ತೆ ಬೇರೆ ಮಾಡುತ್ತ ಕೂರಬೇಕಾಯಿತು. ಶೋಭಾರಾಣಿಯ ಗಂಡ ವೇಣು ಚಂದ್ರಿಕೆ ಹೊತ್ತು ಜಗಲಿಗೆ ಒರಗಿಸುತ್ತಿದ್ದ. ಬಂದು ಬಂದು ನೋಡಿ ಖಾಲಿ ಕೈಯಲ್ಲಿ ವಾಪಸು ಹೋಗುತ್ತಿದ್ದ. ಕೈ ತೋಳಿನ ತನಕ ಭಾರವಾಗಿ, ಊತಕ್ಕೆಂದು ಕಟ್ಟಿದ ಬಿಗಿ ಪಟ್ಟಿಯ ಕೆಳಗೆ ಬೆರಳು ದಪ್ಪಗಾಗುತ್ತಿತ್ತು. ಹುಳುವಿನ ತಟ್ಟೆ ಜೋಡಿಸಿದ ಅಟ್ಟಣೆಯ ಮೇಲಿನ ಅಂತಸ್ತಿಗೆ ನಮ್ಮಿಬ್ಬರ ಕೈಯೂ ಏಳುತ್ತಿರಲಿಲ್ಲ. ಅಲ್ಲಿ ಹುಳುಗಳು ತಲೆ ಎತ್ತಿ ಕಾಯುತ್ತಿದ್ದವು.

ಬಾಗಿಲಲ್ಲಿ ನೆರಳಾಯಿತು. ಶೋಭಾರಾಣಿ.

ದೇವನಹಳ್ಳಿಗೂ ಮೊದಲು ಸಿಗುವ ವಿಜಯಪುರದಲ್ಲಿ ಇಳಿದು, ಎದುರು ಬಂದ ಬಸ್ಸು ಹತ್ತಿ ತಿರುಗಿ ಬಂದಿದ್ದಳು. ತಲೆಗೆ ಕಟ್ಟಿದ ವಸ್ತ್ರ ಬೆವರಿನಲ್ಲಿ ನೆನೆದಿತ್ತು. ಕುತ್ತಿಗೆಯ ಕೆಳಗೆ ಕರೆಂಟು ಬಿದ್ದ ಕಡೆ ಚರ್ಮ ಸುಟ್ಟ ಬದನೆಕಾಯಿಯ ಬಣ್ಣವಾಗಿತ್ತು.

"ಆಗಲಿಲ್ಲ ಅಕ್ಕಾ. ಕೂತಿದ್ರೂ ಹುಳಾನೇ ಕಣ್ಮುಂದೆ" ಎಂದಳು. ಮೇಲಿನ ಅಂತಸ್ತು ನೋಡಿದಳು. ನಮ್ಮ ತಟ್ಟೆ ನೋಡಿದಳು. ಬೋಗುಣಿಯಲ್ಲಿ ಕಾಲು ಅದ್ದಿ ಒಳಗೆ ಬಂದು ಎಡಗೈಯಲ್ಲಿ ಆಯತೊಡಗಿದಳು.

"ಮಧ್ಯಾಹ್ನದ ಮೇಲೆ ಹೋದ್ರೂ ಮಾಡ್ತಾರೆ, ಮೆಷಿನ್ನು ಸಂಜೆವರೆಗೂ ಇರತ್ತೆ" ಎಂದೆ.

"ನಾಳೆ ನೋಡಣ."

"ನಾಳೇನೂ ಹುಳ ಇರತ್ತಲ್ಲೇ."

"ಹಂಗಾದ್ರೆ ನಾಳಿದ್ದು ನೋಡಣ!" ಅವಳ ದನಿ ಏರಿತು. "ಹುಳ ಕೆಟ್ರೆ ಈ ಮನೇಲಿ ಏನಂತಾರೆ ಗೊತ್ತಾ ನಿಮ್ಗೆ? ಇವಳ ಮೈಯಿಂದಾನೇ ಕೆಟ್ಟಿದ್ದು ಅಂತಾರೆ."

ಅಕ್ಕಯಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

ಆಗ ನಾನು ಮಾಡಿದ್ದು ಸರಿಯೋ ಎಂದು ಈಗಲೂ ಖಚಿತವಾಗಿ ಹೇಳಲಾರೆ. ಕೈ ತೊಳೆದು, ನೀರು ಕುಡಿದು ಬರುತ್ತೇನೆಂದು ಸುಳ್ಳು ಹೇಳಿ ಎದುರು ಮನೆಗೆ ಹೋದೆ. ಅಲ್ಲಿ ಹರಿತಾ ಎಂಬ ಹುಡುಗಿ, ಮೂವತ್ತು ಇರಬಹುದು, ಹಿಪ್ಪುನೇರಳೆ ಕಡ್ಡಿ ಕಟ್ಟುತ್ತಿದ್ದಳು. ಬೆಳಿಗ್ಗೆಯಿಂದ ಎರಡು ಮೂರು ಸಲ ಇತ್ತ ಇಣುಕಿದ್ದನ್ನು ನೋಡಿದ್ದೆ.

"ಶೋಭಾರಾಣಿ ಮನೇಲಿ ಹುಳ ಹಣ್ಣಾಗಿದೆ" ಎಂದೆ.

"ಗೊತ್ತು. ವಾಸನೇಲೇ ಗೊತ್ತಾಗತ್ತೆ. ನೀವ್ಯಾರು?"

"ನಾನು… ನನಗೂ ಅದೇ ಆಪರೇಷನ್ ಆಗಿರೋದು."

ಅವಳು ನನ್ನ ತೋಳಿನ ಪಟ್ಟಿ ನೋಡಿದಳು. "ಅವಳು ಕರೀಲಿಲ್ಲ. ಕರೀದೆ ಹೋದ್ರೆ, ಕೈಲಾಗದೋಳು ಅಂತ ಬಂದ್ರು ಅಂದ್ಕೋತಾಳೆ. ನಂ ಅತ್ತೇನೂ ಬೇಡ ಅಂದ್ರು. ನಾವೇನು ಕಣ್ಣಿಲ್ದೋರಾ?"

"ಈಗ ನಾನು ಕರೀತಾ ಇದೀನಿ."

"ನಿಮ್ಮ ಮನೆ ಹುಳಾನಾ?" ಅವಳು ನಕ್ಕಳು. "ಮುಯ್ಯಿ ಯಾರು ತೀರಿಸ್ತಾರೆ? ನೀವಾ?"

"ನಾನೇ ಬರ್ತೀನಿ. ರಜಾ ಹಾಕ್ತೀನಿ."

"ಅಯ್ಯೋ ಬೇಡಪ್ಪಾ! ಕಿಟಕೀಲಿ ನೋಡ್ದೆ, ನೀವು ಹುಳಕ್ಕೆ ಜಾತಕ ಬರೀತಿದ್ದಿದ್ದು. ಶೋಭಾನೇ ಬರ್ಲಿ. ಯಾವತ್ತಾದ್ರೂ ಬರ್ಲಿ." ಅವಳು ಕಡ್ಡಿ ಕೆಳಗಿಟ್ಟು ಕೈ ತೊಳೆಯಲು ಎದ್ದಳು. ಗೋಡೆಯಾಚೆ ತಿರುಗಿ, "ಶಾಂತಕ್ಕಾ, ಎದುರು ಮನೆ ಹುಳಕ್ಕೆ ಕರೆ ಬಂದೈತೆ. ಸ್ನಾನ ಮಾಡಿದೀಯಾ?" ಎಂದು ಕೂಗಿದಳು.

ಐದು ಮನೆಯ ಹೆಂಗಸರು ಬಂದರು. ಕಾಲು ಅದ್ದಿ ಒಳಗೆ ಹೋದರು. ಅವರ ಬೆರಳು ಹುಳುವನ್ನು ನೋಡುವ ಮೊದಲೇ ಎತ್ತಿರುತ್ತಿತ್ತು. ಶೋಭಾರಾಣಿ ತಟ್ಟೆ ಹಿಡಿದು ಗೋಡೆಗೆ ಒತ್ತಿ ನಿಂತಳು. ನನ್ನ ಕಡೆ ನೋಡಿದ ನೋಟ ಒಳ್ಳೆಯದಾಗಿರಲಿಲ್ಲ.

"ನೀವು ಕರೆದ್ರಾ?"

"ಹ್ಞೂಂ."

ಹರಿತಾ ಮಧ್ಯೆ ಬಾಯಿ ಹಾಕಿದಳು. "ಜಗಳ ಆಮೇಲೆ ಆಡಿ. ಮೇಡಂ, ನೀವು ಇಲ್ಲಿದ್ರೆ ಕೆಲ್ಸ ಕೆಡತ್ತೆ. ಇವಳನ್ನ ಕರ್ಕೊಂಡು ಬಸ್ ಹತ್ತಿ. ಹೋಗೇ ಶೋಭಾ, ಮುಖ ನೋಡ್ತಾ ನಿಲ್ಬೇಡ."

ಅಕ್ಕಯಮ್ಮ ಎದ್ದು, ಸೊಸೆಯ ಕೈಯಿಂದ ತಟ್ಟೆ ತೆಗೆದುಕೊಂಡರು. ಅಷ್ಟೇ.

ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ತಿರುಗಿಸಿ ಕೂತಳು. ವಿಜಯಪುರ ಬಂದಾಗ ನಾನು ಅವಳ ಬ್ಯಾಗಿನ ಹಿಡಿಕೆ ಹಿಡಿದುಕೊಂಡೆ. ಅವಳು ನೋಡಿ, "ಓಡೋಗಲ್ಲ, ಬಿಡಿ" ಎಂದಳು. ದೇವನಹಳ್ಳಿ ದಾಟುವಾಗ ನಿದ್ದೆ ಹೋಗಿದ್ದಳು. ಆಸ್ಪತ್ರೆಯಲ್ಲಿ ಕೊನೆಯವರಾಗಿ ಕರೆದರು. ಒಳಗಿದ್ದದ್ದು ಸ್ವಲ್ಪವೇ ಹೊತ್ತು. ಅಷ್ಟಕ್ಕೇ ಇಡೀ ದಿನ. ಹೊರಗೆ ಬೆಂಚಿನಲ್ಲಿ ಕೂತ ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಒಂದು ಕಡೆ ಮಲಗಬೇಕು ಅನ್ನಿಸುತ್ತಿತ್ತು.

ಮೇಲೂರಿಗೆ ವಾಪಸು ಬಂದಾಗ ಕತ್ತಲಾಗಿತ್ತು. ಜಗಲಿಯುದ್ದಕ್ಕೂ ಚಂದ್ರಿಕೆಗಳು ಒರಗಿದ್ದವು. ಹುಳುಗಳು ಸುರುಳಿಯ ಸಂದಿಯಲ್ಲಿ ತಲೆ ಆಡಿಸುತ್ತ ತೆಳುವಾದ ನೂಲು ಎಳೆಯುತ್ತಿದ್ದವು. ಮೂಲೆಯಲ್ಲಿ ಒಂದು ಮಂಕರಿ ತುಂಬ ಕೆಟ್ಟ ಹುಳು. ನಮ್ಮ ಬೆಳಗಿನ ಕೆಲಸ. ಬೀದಿಯವರು ಹೋಗಿಯಾಗಿತ್ತು. ಆಂಜಿನಮ್ಮ ಕಂಬಕ್ಕೆ ಒರಗಿ, ಬಲಗೈಯನ್ನು ತಲೆದಿಂಬಿನ ಮೇಲೆ ಎತ್ತಿಟ್ಟುಕೊಂಡು ಕೂತಿದ್ದಳು.

ಶೋಭಾರಾಣಿ ಚಂದ್ರಿಕೆಗಳ ಮುಂದೆ ಒಂದೊಂದಾಗಿ ನಡೆದು ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತು ಅತ್ತಳು. ಸಂತೋಷಕ್ಕಲ್ಲ.

"ಇಡೀ ಬೀದಿಗೆ ನನ್ನ ಸಾಲಗಾರ್ತಿ ಮಾಡ್ಬಿಟ್ರಲ್ಲ. ಐದು ಮನೆ. ಈ ಕೈ ಇಟ್ಕೊಂಡು ಐದು ಮನೆ ಮುಯ್ಯಿ ಹೆಂಗೆ ತೀರಿಸ್ಲಿ?"

ತಪ್ಪಾಯಿತು ಅನ್ನಲು ಬಾಯಿ ತೆರೆದೆ.

"ಬದುಕಿದ್ದು ತೀರ್ಸು" ಎಂದಳು ಆಂಜಿನಮ್ಮ, ಕಣ್ಣು ಮುಚ್ಚಿಕೊಂಡೇ. "ಸತ್ತೋರ್ನ ಯಾರೂ ಮುಯ್ಯಿಗೆ ಕರಿಯಲ್ಲ. ಕರೀತಾರೆ ಅಂದ್ರೆ ನೀನು ಇರ್ತೀಯ ಅಂತ ಲೆಕ್ಕ ಹಾಕವ್ರೆ. ಏಂ ಚೇಸ್ತಾಂ, ಏನ್ ಮಾಡೋದು, ನಿನಗೆ ಅಷ್ಟೂ ಗೊತ್ತಾಗ್ಲಿಲ್ವಾ?"

ಅಕ್ಕಯಮ್ಮ ಒಳಗಿನಿಂದ ಮುದ್ದೆ ತಟ್ಟೆ ತಂದು ಸೊಸೆಯ ಪಕ್ಕ ಇಟ್ಟರು.

"ಹರಿತಾ ಮನೇದು ಇನ್ನೂ ಮೂರನೇ ಜ್ವರ" ಎಂದರು, ಹುಳು ಪೊರೆ ಬಿಡುವ ಮೂರನೆಯ ಹಂತ ಎಂಬರ್ಥದಲ್ಲಿ. "ಅಷ್ಟೊತ್ತಿಗೆ ನಿನ್ನ ಕರೆಂಟು ಮುಗಿದಿರತ್ತೆ. ಕೆಳಗಿನ ತಟ್ಟೆ ನೀನು ಆಯಿ. ಮೇಲಿಂದು ನಾನು ಆಯ್ತೀನಿ."

ಶೋಭಾರಾಣಿ ಮೂಗು ಒರೆಸಿಕೊಂಡಳು. ಬಲಗೈಯನ್ನು ನಿಧಾನವಾಗಿ ಎತ್ತಿದಳು. ಭುಜದ ಮಟ್ಟಕ್ಕೆ ಬಂದು ನಿಂತಿತು. ನೋವಿಗೆ ತುಟಿ ಕಚ್ಚಿ ಇಳಿಸಿದಳು.

"ನಾಳೆ?" ಎಂದೆ.

"ಹೋಗ್ತೀನಿ." ಮುದ್ದೆ ಮುರಿಯುತ್ತ, ನನ್ನ ಕಡೆ ನೋಡದೆ ಹೇಳಿದಳು. "ನೀವು ಬರ್ಬೇಡಿ. ನಿಮ್ಮ ಕೈ ನೋಡ್ಕೊಳ್ಳಿ, ಕುಂಬಳಕಾಯಿ ಆಗಿದೆ."

ಕಡೆಯ ಬಸ್ಸು ಸಿಗುತ್ತದೋ ಇಲ್ಲವೋ ಎಂದು ನಾನು ಎದ್ದೆ. ಆಂಜಿನಮ್ಮ ಏಳಲಿಲ್ಲ. "ನಾಳೆಗೂ ಹುಳ ಇದೆ, ನಾನು ಇಲ್ಲೇ ಬಿದ್ದಿರ್ತೀನಿ" ಎಂದಳು. ಅಕ್ಕಯಮ್ಮ ಅವಳಿಗೆ ಚಾಪೆ ಹಾಸುತ್ತಿದ್ದರು.