ಕ್ಲೋರಿನ್ ಟೆಂಡರು, ಐದನೆಯ ಬಾರಿ

ಪ್ರತಿ ಆನ್‌ಲೈನ್ ಟೆಂಡರೂ ಮೂವತ್ತು ದಿನಗಳೊಳಗೆ ಮುಗಿಯುತ್ತದೆ ಎಂದು ನಮ್ಮ ನೀರು ನಿಗಮ ನೈರೋಬಿಯ ಸರ್ಕಾರಕ್ಕೆ ಬರೆದುಕೊಟ್ಟಿದೆ. ಮುಗಿಯುವುದೆಂದರೆ ಏನನ್ನಾದರೂ ಕೊಳ್ಳುವುದು ಎಂದು ಯಾರೂ ಬರೆದಿಲ್ಲ. ರದ್ದಾದದ್ದೂ ಮುಗಿದ ಲೆಕ್ಕವೇ. ಆದ್ದರಿಂದ ಇಪ್ಪತ್ತೊಂಬತ್ತನೆಯ ದಿನ ರದ್ದು ಮಾಡಿ ಮರುದಿನ ಹೊಸದಾಗಿ ಕರೆಯುತ್ತೇವೆ. ನೀರಿಗೆ ಹಾಕುವ ಕ್ಲೋರಿನ್ನಿನ ಟೆಂಡರನ್ನು ಖರೀದಿ ಅಧಿಕಾರಿಯಾದ ನಾನೇ ಹೀಗೆ ನಾಲ್ಕು ಬಾರಿ ಮುಗಿಸಿದ್ದೆ. ಎರಡು ವರ್ಷದಿಂದ ನೈರೋಬಿ ನಮಗೆ ಕೊಡುತ್ತಿರುವ ದರ್ಜೆ 'ಅತ್ಯುತ್ತಮ'.

ಐದನೆಯದರ ಇಪ್ಪತ್ತೊಂಬತ್ತನೆಯ ದಿನ ಶುಕ್ರವಾರ ಬಿತ್ತು. ಗೋದಾಮಿನಲ್ಲಿ ಹತ್ತು ದಿನಕ್ಕಾಗುವಷ್ಟೇ ಕ್ಲೋರಿನ್ ಉಳಿದಿತ್ತು. ಸಹಿ ಹಾಕಬೇಕಾದ ಎಂಜಿನಿಯರ್ ಮುಟಿಸೊ ಮೊಂಬಾಸಾದಲ್ಲಿದ್ದರು, ಟೆಂಡರುಗಳನ್ನು ಬೇಗ ಮುಗಿಸುವ ಬಗೆಗಿನ ತರಬೇತಿಯಲ್ಲಿ.

"ಕೆರೂಬೊ, ರದ್ದು ಒತ್ತಿದ್ಯೇನಮ್ಮಾ?" ಎಂದರು ನಿರ್ದೇಶಕ ಲಗಾಟ್.

"ಸರ್, ಮುಟಿಸೊ ಸೋಮವಾರ ಬರ್ತಾರೆ. ಎರಡೇ ದಿನ ತಡ ಆಗೋದು."

"ಎರಡೇ ದಿನ ಅಂತೆ! ದರ್ಜೆ ಬಿದ್ರೆ ಯಾರು ಎತ್ತೋದು? ತಿಂಗಳ ಕೊನೇಲಿ ನಿನ್ನ ಒಪ್ಪಂದಾನೂ ಮುಗಿಯುತ್ತೆ. ನೆನಪಿದೆ ತಾನೆ?"

ನೆನಪಿತ್ತು. ನಾನು ಅದನ್ನೇ ನೆನೆಯುತ್ತ ಮಲಗಿ, ಅದನ್ನೇ ನೆನೆಯುತ್ತ ಏಳುವವಳು.

ಕಚೇರಿಗೆ ಚಹಾ ತರುವ ನಫೂಲಾ ಅಮ್ಮ ಕರಿದ ಸಿಹಿ ಮಂಡಾಜಿಯ ತಟ್ಟೆಯನ್ನು ನನ್ನತ್ತ ತಳ್ಳಿದಳು. "ಏನ್ ಮಗಳೇ, ಮುಖ ಹಿಂಡಿದ ಬಟ್ಟೆ ಥರಾ ಆಗಿದೆ?"

ಹೇಳಿದೆ.

"ಓಹೋ! ಕಂಪ್ಯೂಟರು ನೀರು ಕುಡಿಯಲ್ಲ, ಅದಕ್ಕೇನು ಗೊತ್ತಾಗುತ್ತೆ? ಸಾಹೇಬ್ರೂ ಬಾಟ್ಲಿ ನೀರಿನೋರು. ನಮ್ಮ ಕೇರಿಲಿ ಹೋದ್ಸಲ ಟೈಫಾಯ್ಡ್ ಬಂದಾಗ ನಿಮ್ಮ ದರ್ಜೆ ಏನಿತ್ತು?"

"ಅತ್ಯುತ್ತಮ," ಎಂದೆ. ಅವಳು ನಗಲಿಲ್ಲ.

ಸಂಜೆ ಲಗಾಟ್ ಮತ್ತೆ ಬಾಗಿಲಲ್ಲಿ ಇಣುಕಿದರು. "ಆಯ್ತಾ?"

"ನೆಟ್‌ವರ್ಕ್ ಇಲ್ಲ ಸರ್."

ಪರದೆಯ ಮೇಲೆ ನೆಟ್‌ವರ್ಕಿನ ಗುರುತು ಪೂರ್ತಿ ಬೆಳಗುತ್ತಿತ್ತು. ಮೇಜಿನ ಮೇಲಿದ್ದ ಕಡತವನ್ನು ಮೆಲ್ಲಗೆ ಅದಕ್ಕೆ ಅಡ್ಡವಿಟ್ಟೆ. ಜೀವನದಲ್ಲಿ ಮೇಲಧಿಕಾರಿಗೆ ಹೇಳಿದ ಮೊದಲ ಸುಳ್ಳು.

ಸೋಮವಾರ ಮುಟಿಸೊ ಬಂದರು. ಆನ್‌ಲೈನ್ ಸಹಿಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಮುನ್ನೂರು ಪುಟ ಅಚ್ಚು ಹಾಕಿಸಿ, ಪ್ರತಿ ಪುಟಕ್ಕೂ ಮೊಹರು ಒತ್ತಿ, ಆಮೇಲೆಯೇ ಪರದೆಯಲ್ಲೂ ಸಹಿ ಮಾಡಿದರು. ನಾನು 'ಮಂಜೂರು' ಒತ್ತಿದೆ. ತಡವಾಗಲು ಕಾರಣವೇನು ಎಂದು ಯಂತ್ರ ಕೇಳಿತು. ರಜೆ, ವಿದ್ಯುತ್, ನ್ಯಾಯಾಲಯ, ಇತರೆ. 'ಇತರೆ' ಆರಿಸಿದೆ. ವಿವರ ಬೇಕಂತೆ. ಮೂರು ಸಲ ಬರೆದು ಅಳಿಸಿದೆ. ಕೊನೆಗೆ, 'ಜನ ಈ ನೀರನ್ನು ಕುಡಿಯುತ್ತಾರೆ' ಎಂದಷ್ಟೇ ಬರೆದೆ.

ಗುರುವಾರ ಕ್ಲೋರಿನ್ ಬಂತು. ತಿಂಗಳ ಕೊನೆಗೆ ನಿಗಮದ ದರ್ಜೆ 'ಸಾಧಾರಣ'ಕ್ಕಿಳಿಯಿತು. "ಒಂದೇ ಒಂದು ಗುಂಡಿ ಒತ್ತಿ ನಮ್ಮೆಲ್ಲರ ಮಾನ ತೆಗೆದೆಯಲ್ಲಮ್ಮ," ಎಂದರು ಲಗಾಟ್. ನನ್ನ ಒಪ್ಪಂದವನ್ನು ಮುಂದುವರಿಸಲಿಲ್ಲ.

ಮರುದಿನವೇ ನನ್ನ ಹುದ್ದೆಗೆ ಆನ್‌ಲೈನ್ ಅರ್ಜಿ ಕರೆದರು. ಅರ್ಜಿ ಸ್ವೀಕರಿಸುವ ಅಧಿಕಾರಿ ಎಂದಿದ್ದ ಕಡೆ ಇನ್ನೂ ನನ್ನ ಹೆಸರೇ ಇತ್ತು, ಬದಲಿಸಲು ಯಾರಿಗೂ ತೋಚಿರಲಿಲ್ಲ. ಮನೆಯಿಂದಲೇ ಅರ್ಜಿ ಹಾಕಿದೆ. ಹಳೆಯ ಗುಪ್ತಪದದಿಂದ ಒಳಹೊಕ್ಕು, 'ತಮ್ಮ ಅರ್ಜಿ ತಲುಪಿದೆ' ಎಂದು ನನಗೆ ನಾನೇ ಉತ್ತರ ಕಳಿಸಿದೆ.