ಹೇಮಕೂಟದಲ್ಲೊಂದು ಮನೆ

ಒಳಗೆ ನಲ್ಲಿ ನಿಂತಿತು, ಇನ್ನೇನು ಬಾಗಿಲು ತೆಗೆಯುತ್ತಾರೆ — ಇಲ್ಲ, ಮತ್ತೆ ಬಿಟ್ಟರು, ದೊಡ್ಡತ್ತೆ ಶೈಲಜಮ್ಮನವರ ಸ್ನಾನವೆಂದರೆ ಹೀಗೇ, ಶಂಕರಪುರದ ಈ ಮನೆಯಲ್ಲಿ ಇಷ್ಟು ಜನಕ್ಕೆ ಒಂದೇ ಬಚ್ಚಲು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತು ನಿಂತು ಕಾಲು ಸೋತಿದೆ, ಮೊನ್ನೆ ಹಂಪಿಯಲ್ಲಿ ರಾಣಿಯರ ಸ್ನಾನದ ಮನೆ ನೋಡಿದೆ, ಎಷ್ಟು ಕಮಾನು, ಎಷ್ಟು ಬಾಲ್ಕನಿ, ಕೊಳದಲ್ಲಿ ತೊಟ್ಟು ನೀರಿಲ್ಲ, ಆದರೂ ಹೊಟ್ಟೆ ಉರಿಯಿತು, ಆ ರಾಣಿಯರು ಯಾರ ಬಾಗಿಲಲ್ಲೂ ಕಾದು ನಿಂತವರಲ್ಲ. ಹಾಳು ಕೊಂಪೆ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ ಕಲ್ಯಾಣಿ, ಎಂದು ದೊಡ್ಡತ್ತೆ ದಾರಿಯುದ್ದಕ್ಕೂ ನನ್ನ ಅತ್ತೆಯನ್ನು ತಿವಿದರು, ಅತ್ತೆ ಹೂಂ ಅಕ್ಕ ಅನ್ನುತ್ತಲೇ ಇದ್ದರು, ಮದುವೆಯಾಗಿ ಬಂದಾಗಿನಿಂದ ಅನ್ನುತ್ತಲೇ ಇದ್ದಾರೆ, ಮಾವ ತೀರಿಕೊಂಡ ಮೇಲಂತೂ ಸಾರಿಗೆ ಉಪ್ಪು ಹಾಕುವುದಕ್ಕೂ ಓರಗಿತ್ತಿಯ ಅಪ್ಪಣೆ ಬೇಕು.

ನನ್ನ ಗಂಡನಂತೂ — ನಗರ್ತಪೇಟೆಯ ಅಂಗಡಿಯಲ್ಲಿ ಇವರು ಬಾಯಿ ಬಿಟ್ಟರೆ ಗಿರಾಕಿ ಬರಿಗೈಲಿ ಹೋಗುವುದಿಲ್ಲ, ಅಮ್ಮನ ಮುಂದೆ ಮಾತ್ರ ಬಾಯಿಗೆ ಬೀಗ, ಚಾಮರಾಜಪೇಟೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ನೋಡಿಟ್ಟಿದ್ದೇವೆ, ನಾವಿಬ್ಬರೂ ಬೇರೆ ಹೋಗ್ತೀವಿ ಅಂತ ಅಮ್ಮಂಗೆ ಹೇಳ್ರೀ ಅಂದರೆ, ಹಂಪೀಲಿ ಹೇಳ್ತೀನಿ, ಮಹಾನವಮಿ ದಿಬ್ಬ ಹತ್ತಿಸಿ ಕೇಳಿದರೆ, ಕಮಲಮಹಲ್ ಆಗ್ಲಿ, ಕಮಲಮಹಲಿನ ಹತ್ತಿರ, ಅಮ್ಮ ಸುಸ್ತಾಗಿದಾಳೆ ಸಂಜೆ ನೋಡೋಣ, ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು, ಇವರು ಆ ಅರಸರ ಮಂತ್ರಿಯಾಗಿದ್ದರೆ ಯುದ್ಧವನ್ನೂ ನಾಳೆಗೆ ಹಾಕುತ್ತಿದ್ದರು, ರಾಜಧಾನಿ ಇನ್ನೂ ಉಳಿದಿರುತ್ತಿತ್ತು. ಸಂಜೆ ಹೇಮಕೂಟದ ಬಂಡೆಗಳ ಮೇಲೆ ಜನ ಕಲ್ಲಿನ ಮೇಲೆ ಕಲ್ಲಿಟ್ಟು ಪುಟ್ಟ ಪುಟ್ಟ ಮನೆ ಕಟ್ಟಿದ್ದರು, ಹಾಗೆ ಕಟ್ಟಿ ಬೇಡಿಕೊಂಡರೆ ಸ್ವಂತ ಮನೆ ಆಗುತ್ತದಂತೆ, ಯಾರೂ ನೋಡುತ್ತಿಲ್ಲವೆಂದು ನಾನೂ ಕೂತೆ, ಎರಡು ಕಲ್ಲು ನಿಲ್ಲಿಸಿ ಮೇಲೊಂದು ಚಪ್ಪಡಿ — ಏನೇ ಅಕ್ಷಯಾ ಅದು, ಹಿಂದೆ ಅತ್ತೆ, ಏನಿಲ್ಲ ಅತ್ತೆ, ಸುಮ್ನೆ. ಅತ್ತೆ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲೇ ಕುಕ್ಕರಿಸಿದರು, ಕಲ್ಲು ಹುಡುಕಿದರು, ಒಂದನ್ನೇ ನಿಲ್ಲಿಸಿದರು, ಚಪ್ಪಡಿಯ ಒಂದು ತುದಿ ಅದರ ಮೇಲೆ, ಇನ್ನೊಂದು ತುದಿಯನ್ನು ನನ್ನ ಕಲ್ಲಿನ ಮೇಲೇ ಊರಿದರು, ದೊಡ್ಡದೇನೂ ಬೇಡ ಕಣೇ ನಂಗೆ, ಒಲೆ ನಂದು ಅಂತ ಒಂದಿದ್ರೆ ಸಾಕು, ಅಕ್ಕಂಗೆ ಹೇಳ್ಬೇಡ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ಇಬ್ಬರಿಗೂ ಒಂದೇ ಕಾಲ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಲ್ಲ, ಯಾರಿಂದ ದೂರ ಹೋಗಬೇಕೆಂದು ಕಟ್ಟಿದೆನೋ ಅವರೇ ಬಂದು ನನ್ನ ಗೋಡೆಗೆ ಒರಗಿದರೆ ಸಿಟ್ಟಾದರೂ ಯಾರ ಮೇಲೆ ಮಾಡಲಿ, ಅವರು ಪಾಪದವರು, ಅದೇ ನನಗೆ ಸಿಟ್ಟು, ರಾತ್ರಿ ರೈಲಿನಲ್ಲಿ ಕಣ್ಣು ಮುಚ್ಚಿದರೂ ಆ ಚಪ್ಪಡಿ. ಈಗ ಫೋನು, ಚಾಮರಾಜಪೇಟೆಯ ಮನೆ ಮಾಲೀಕರು, ಬಚ್ಚಲ ಬಾಗಿಲು ಬಿಟ್ಟು ಹಿತ್ತಲಿಗೆ ಓಡಿದೆ, ಮನೆ ಬೇಕಾ ಬೇಡ್ವಾ ಇವತ್ತೇ ಹೇಳ್ಬಿಡಿ ಅಮ್ಮ, ಬೇರೆಯವ್ರೂ ಕೇಳ್ತಿದಾರೆ, ಬೇಕು ಸಾರ್, ಬೇಕೇ ಬೇಕು, ಸರಿ, ಎಷ್ಟು ಜನ ಇರ್ತೀರ, ಇಬ್ಬರು ಎನ್ನಲು ಬಾಯಿ ತೆರೆದೆ, ಕಲ್ಲು ನನ್ನದೇ, ಎಳೆದುಕೊಳ್ಳಬಹುದು, ಎಳೆದರೆ ಅತ್ತೆಯದು ಬೀಳುತ್ತದೆ, ಹಲೋ, ಕೇಳಿಸ್ತಿದ್ಯಾ, ಎಷ್ಟು ಜನ ಅಂದೆ — ಇಬ್ಬರೋ, ಮೂವರೋ, ಆ ಚಪ್ಪಡಿ, ನನ್ನ ಕಲ್ಲಿನ ಮೇಲೆ ಅದರ ಒಂದು ತುದಿ