ಅಮ್ಮ ಇಳಿದ ದಿಕ್ಕು

ನಮ್ಮಣ್ಣ ಆಶಿಷ್‌ಗೆ ಹಠ ಜಾಸ್ತಿ. ನನಗೆ ಅದಕ್ಕಿಂತ ಒಂದು ಗುಲಗಂಜಿ ತೂಕ ಹೆಚ್ಚು. ಅವನು ಶೆಫೀಲ್ಡ್‌ನ ಬ್ರೂಮ್‌ಹಿಲ್‌ನಲ್ಲಿ ಮೂಳೆ ಡಾಕ್ಟರು, ನಾನು ಮ್ಯಾಂಚೆಸ್ಟರ್‌ನ ಡಿಡ್ಸ್‌ಬರಿಯಲ್ಲಿ ಜಿಪಿ, ಅಂದರೆ ಸಾಮಾನ್ಯ ಕಾಯಿಲೆಗಳ ಡಾಕ್ಟರು. ನಡುವೆ ಪೆನೈನ್ ಬೆಟ್ಟ. ಮೈಸೂರಿನಿಂದ ಬಂದಮೇಲೆ ಅಮ್ಮ ಆರು ತಿಂಗಳು ಅವನ ಮನೆಯಲ್ಲಿ, ಆರು ತಿಂಗಳು ನನ್ನ ಮನೆಯಲ್ಲಿ. ಬೆಟ್ಟದ ನೆತ್ತಿಯಲ್ಲಿ ಕಾರು ನಿಲ್ಲಿಸಿ ಈ ಕಾರಿನಿಂದ ಆ ಕಾರಿಗೆ ಹತ್ತಿಸುತ್ತಿದ್ದೆವು. "ನಿಮ್ಮ ಆಸ್ಪತ್ರೆ ಡ್ಯೂಟಿ ರೋಟಾಲಿ ನನ್ನನ್ನೂ ಸೇರಿಸ್ಬಿಟ್ರಲ್ಲ" ಎಂದು ಅಮ್ಮ ನಗುತ್ತಿದ್ದಳು.

2004ರ ಸೆಪ್ಟೆಂಬರಿನಲ್ಲಿ ಅಮ್ಮ ತೀರಿಕೊಂಡಳು. ನನ್ನ ಮನೆಗೆ ಬರಲು ಹನ್ನೊಂದು ದಿನ ಬಾಕಿಯಿತ್ತು.

ಅಸ್ಥಿ ಎಲ್ಲಿ ಬಿಡುವುದೆಂದು ಜಗಳ ಶುರುವಾಯಿತು. ನೆತ್ತಿಯಿಂದ ಪೂರ್ವಕ್ಕಿಳಿದ ನೀರು ಉತ್ತರ ಸಮುದ್ರಕ್ಕೆ ಹೋಗುತ್ತದೆ. ಪಶ್ಚಿಮಕ್ಕಿಳಿದದ್ದು ಮರ್ಸಿ ನದಿ ಸೇರಿ ಐರಿಷ್ ಸಮುದ್ರಕ್ಕೆ. ಮರ್ಸಿ ಹರಿಯುವುದು ನನ್ನ ಮನೆಯ ಹಿಂದೆಯೇ. ದಿನಾ ಹೋಗಿ ಅಮ್ಮನ ಹತ್ತಿರ ಎರಡು ಮಾತಾಡಬಹುದೆಂದು ನನ್ನ ಆಸೆ.

"ಅಮ್ಮ ಕಾವೇರಿ ನೀರು ಕುಡಿದು ಬೆಳೆದವಳು. ಕಾವೇರಿ ಹೋಗೋದು ಪೂರ್ವಕ್ಕೆ. ಅಮ್ಮನೂ ಪೂರ್ವಕ್ಕೇ ಹೋಗ್ಬೇಕು" ಎಂದ ಅಣ್ಣ. ಕರ್ಮ ಮಾಡುವ ಮಗ ಅವನು. ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡೆ.

ಅಸ್ಥಿ ಬಿಡುವ ಭಾನುವಾರ ನೆತ್ತಿಯ ಮೇಲೆ ದಟ್ಟ ಮಂಜು. ಅಣ್ಣ ಮುಂದೆ ನಡೆದು ಒಂದು ತೊರೆಯ ಬಳಿ ನಿಂತ. ನೀರು ಪೂರ್ವಕ್ಕೇ ಓಡುತ್ತಿತ್ತು. ಅವನು ಕುಡಿಕೆ ಬಗ್ಗಿಸಿದಾಗ ಇಬ್ಬರೂ ಮಕ್ಕಳ ಹಾಗೆ ಅತ್ತೆವು.

ಮೂರು ವಾರದ ಮೇಲೆ ಮನಸ್ಸು ತಡೆಯದೆ ಒಬ್ಬಳೇ ಹೋದೆ. ಒಳ್ಳೆ ಬಿಸಿಲಿತ್ತು. ತೊರೆಯ ಜೊತೆಗೇ ನಡೆದೆ. ಸ್ವಲ್ಪ ದೂರ ಪೂರ್ವಕ್ಕೆ ಹೋದ ನೀರು ಒಂದು ಬಂಡೆ ಸುತ್ತಿ, ಹಿಂದಕ್ಕೆ ತಿರುಗಿ, ಪಶ್ಚಿಮಕ್ಕೆ ಇಳಿದಿತ್ತು. ಅಮ್ಮ ನನ್ನ ಕಡೆಗೇ ಬಂದಿದ್ದಳು. ಸುಳ್ಳೇಕೆ, ಖುಷಿಯಾಯಿತು. ಮನೆ ಮುಟ್ಟುವಷ್ಟರಲ್ಲಿ ಅಣ್ಣನ ಮುಖ ನೆನಪಾಗಿ, ಇದನ್ನು ಅವನಿಗೆ ಹೇಗೆ ಹೇಳಲಿ ಎನ್ನಿಸಿತು.

ಡಿಸೆಂಬರ್‌ವರೆಗೆ ಹೇಗೋ ತಡೆದುಕೊಂಡೆ. ಅವನು ಮನೆಗೆ ಬಂದಾಗ, "ಅಣ್ಣ, ಅವತ್ತು ಆ ತೊರೆ..." ಎಂದು ಶುರುಮಾಡಿದೆ.

"ಗೊತ್ತು ಕಣೇ. ಅಸ್ಥಿ ಬಿಡೋ ಹಿಂದಿನ ವಾರಾನೇ ಹೋಗಿ ಕೊನೇ ತನಕ ನೋಡ್ಕೊಂಡು ಬಂದಿದ್ದೆ."

"ಮತ್ತೆ ಕಾವೇರಿ, ಪೂರ್ವ ಅಂತ ಅಷ್ಟು ಹಾರಾಡಿದ್ಯಲ್ಲ?"

"ಹಾರಾಡಿದ್ಮೇಲೆ ತಪ್ಪು ಅಂತ ನಿನ್ನೆದುರು ಹೇಗೆ ಒಪ್ಕೊಳ್ಲಿ?" ಅವನು ಕಾಫಿ ಲೋಟ ಕೆಳಗಿಟ್ಟ. "ಕೊನೇ ಉಸಿರಲ್ಲಿ ನಾನು ಜೊತೆಗಿದ್ದೆ, ಚಿತ್ರಾ. ನಿನಗೆ ಅದೂ ಸಿಗ್ಲಿಲ್ಲ. ಅದಕ್ಕೇ ಆ ತೊರೆ."

ಇಬ್ಬರೂ ಕೋಟು ಹಾಕಿಕೊಂಡು ನದಿಗೆ ನಡೆದೆವು. ಅಮ್ಮನ ಹತ್ತಿರ ಮೊದಲು ಮಾತಾಡಲು ಅವನನ್ನು ಬಿಟ್ಟು, ನಾನು ನಾಲ್ಕು ಹೆಜ್ಜೆ ಹಿಂದೆ ನಿಂತೆ.